ರಿಮೋಟಿಗೆ ಪಾಠ ಹೇಳಿಸಿದ್ದು

ಮೊಮ್ಮಕ್ಕಳೇ, ನಿಮ್ಮ ಮುತ್ಯಾನ ಹಾಡು ಕೇಳಬೇಕೆನಿಸಿದರೆ ನಾನು ಈಗ ಯಾರನ್ನೂ ಕರೆಯುವುದಿಲ್ಲ. ಪಡಸಾಲೆಯ ಗೂಟಕ್ಕೆ ಬಟ್ಟೆಯ ಚೀಲದಲ್ಲಿ ತೂಗುಹಾಕಿರುವ ಕರಿ ರಿಮೋಟು ತೆಗೆದು, ಎಡಗಡೆಯ ಮೇಲಿನ ಗುಂಡಿ ಒತ್ತುತ್ತೇನೆ. ಅದನ್ನು ಮುಟ್ಟಬೇಡಿರೆಂದು ನಿಮಗೆ ಎಷ್ಟೋ ಸಲ ಗದರಿದ್ದೇನೆ, ಯಾಕೆಂದು ಹೇಳಿಲ್ಲ. ಬಾಯಿಂದ ಹೇಳಲು ಹೋದರೆ ನನಗೆ ಮಾತು ಅರ್ಧಕ್ಕೇ ನಿಲ್ಲುತ್ತದೆ. ಬರೆಯುವಾಗ ಯಾರೂ ಮುಖ ನೋಡುವುದಿಲ್ಲ. ಹಳ್ಳಿ ಸಾಲೆಯಲ್ಲಿ ಏಳನೆಯ ತರಗತಿ ತನಕ ಕಲಿತವಳು ನಾನು, ತಪ್ಪಿದ್ದರೆ ತಿದ್ದಿಕೊಂಡು ಓದಿ.

ಹುಣಸಗಿ ಕಡೆಯ ನಮ್ಮೂರಿಗೆ ಕಾಲುವೆ ನೀರು ಬಂದು ಜೋಳದ ಹೊಲ ಭತ್ತದ ಗದ್ದೆಯಾಗಿತ್ತು. ಒಂದು ವರ್ಷ ಎರಡನೆಯ ಬೆಳೆಯೂ ಚೆನ್ನಾಗಿ ಕೈಗೆ ಹತ್ತಿದಾಗ ಮುತ್ಯಾ ಒಂದು ಹೋಮ್ ಥಿಯೇಟರ್ ತಂದರು. ಐದು ಸಣ್ಣ ಬಾಕ್ಸು, ಒಂದು ದೊಡ್ಡ ಬಾಕ್ಸು, ಸಿಡಿ ಹಾಕಲು ಬೇರೆಯೇ ಒಂದು ಡಬ್ಬಿ. ಪಕ್ಕದ ಮನೆಯಾಕೆ ನೋಡಲು ಬಂದವಳು, "ಎಲ್ಲಾರೂ ಎತ್ತು ತಂದ್ರು, ನಿನ್ನ ಗಂಡ ಮೂಲಿಗೊಂದು ಬಾಯಿ ತಂದಾನ. ಮನ್ಯಾಗ ನೀ ಮಾತಾಡೂದಿಲ್ಲಂತ ಏನು?" ಎಂದು ನಕ್ಕಳು. ಅವಳ ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ.

ಅದನ್ನು ಹಚ್ಚುವ ಬಗೆಯನ್ನು ಮುತ್ಯಾ ನನಗೆ ಕಾಲುವೆಯ ಹಾಗೆ ತಿಳಿಸಿಕೊಟ್ಟಿದ್ದರು. "ಮೊದಲ ಮ್ಯಾಲಿನ ಗೇಟು, ಆಮ್ಯಾಲ ಮರಿಗಾಲುವಿ, ಕಡೀಕ ನಮ್ಮ ಗದ್ದಿ ಮಡಿ. ಮ್ಯಾಲಿಂದು ಬಿಡದ ಮಡಿ ಬಾಯಿ ಒಡದ್ರ ನೀರು ಎಲ್ಲಿಂದ ಬರ್ತದ?" ಹಾಗೆಯೇ ಮೊದಲು ಟಿವಿ, ಆಮೇಲೆ ಥಿಯೇಟರು, ಕಡೆಗೆ ಸಿಡಿ ಡಬ್ಬಿ. ಮೂರಕ್ಕೂ ಮೂರು ರಿಮೋಟು. ನಿಮ್ಮ ಅಪ್ಪನಿಗೆ ಗುಮಾಸ್ತನ ಕೆಲಸವಾಗಿ ಎಲ್ಲರೂ ಸುರಪುರಕ್ಕೆ ಬಂದಮೇಲೆ ಡಿಶ್ಶಿನದೂ ಸೇರಿ ನಾಲ್ಕಾದವು.

ಮುತ್ಯಾ ಭಜನೆ ಮೇಳದಲ್ಲಿ ಹಾಡುತ್ತಿದ್ದರೆಂಬುದು ನಿಮಗೆ ಗೊತ್ತು. ಅವರ ಬಲಕ್ಕೆ ದಮ್ಮಡಿ ಬಾರಿಸುವ ಗೆಳೆಯರೊಬ್ಬರು ಕೂಡುತ್ತಿದ್ದರು; ನಮಗೆಲ್ಲ ಅವರು ದಮ್ಮಡಿಯವರು. ಅಮಾವಾಸ್ಯೆಗೆ ಕೊಡೇಕಲ್ಲಿಗೆ ಹೋದಾಗ ಒಮ್ಮೆ ಯಾರೋ ಕ್ಯಾಮರಾದವರು ಇವರ ಹಾಡು ಹಿಡಿದು ಒಂದು ಸಿಡಿ ಮಾಡಿಕೊಟ್ಟಿದ್ದರು. ಮುತ್ಯಾ ಅದನ್ನು ಹಚ್ಚಿಕೊಂಡು ಕೂಡುತ್ತಿದ್ದದ್ದು ಹಿಗ್ಗಿಗಲ್ಲ. "ಇಲ್ಲಿ ಉಸುರು ಸಾಲಲಿಲ್ಲ ನೋಡು" ಎಂದು ತಮ್ಮ ತಪ್ಪನ್ನೇ ನನಗೆ ತೋರಿಸುತ್ತಿದ್ದರು. ನನಗೆ ಆ ತಪ್ಪು ಯಾವತ್ತೂ ಕೇಳಿಸಲಿಲ್ಲ. ಅವರು ತೀರಿಕೊಂಡಾಗ ಆ ಸಿಡಿಯು ಡಬ್ಬಿಯ ಒಳಗೇ ಇತ್ತು. ಡಬ್ಬಿಯ ಮುಂದಿನ ಗುಂಡಿಗಳು ಎಂದೋ ಒಳಗೆ ಕುಸಿದಿದ್ದವು. ಪ್ಲಗ್ ಹಾಕಿದರೆ ಕೆಂಪು ದೀಪ ಹತ್ತುತ್ತಿತ್ತು, ಅಷ್ಟೇ. ಉಳಿದದ್ದೆಲ್ಲ ರಿಮೋಟಿನಿಂದಲೇ ಆಗಬೇಕು. ಆ ರಿಮೋಟೇ ಮನೆಯಲ್ಲಿರಲಿಲ್ಲ.

ಎಲ್ಲಿ ಹೋಯಿತೆಂದು ಎಲ್ಲರೂ ಹುಡುಕಿದರು. ಗೊತ್ತಿದ್ದವಳು ನಾನೊಬ್ಬಳೇ.

ನಮ್ಮ ಮನೆತನದಲ್ಲಿ ಹಾಡುವವರು ತೀರಿಕೊಂಡರೆ ಅವರ ಅರಿವೆಯ ಗಂಟು ಮೇಳದವರಿಗೇ ಹೋಗಬೇಕು. ಗಂಟು ಕಟ್ಟುವವಳು ಹೆಂಡತಿ. ಕಟ್ಟುವಾಗ ಅಂಗಿ ಜಾಡಿಸಬಾರದು, ಕಿಸೆಗೆ ಕೈ ಹಾಕಬಾರದು. ಹುಡುಕಿ ನೋಡಿ ಕೊಟ್ಟರೆ ಅದು ಕೊಟ್ಟ ಹಾಗಲ್ಲ ಎಂದು ನನ್ನ ಅತ್ತೆ ಹೇಳುತ್ತಿದ್ದರು. ನೀವು ಆಗ ಸಣ್ಣವರು, ಕೈಗೆ ಸಿಕ್ಕದ್ದನ್ನು ನೀರಿನ ಹಂಡೆಗೆ ಹಾಕುತ್ತಿದ್ದಿರಿ. ಅದಕ್ಕೇ ಮುತ್ಯಾ ಆ ರಿಮೋಟನ್ನು ಅಂಗಿಯ ಕಿಸೆಯಲ್ಲೇ ಇಟ್ಟುಕೊಂಡು ತಿರುಗುತ್ತಿದ್ದರು. ಬಿಳಿ ಅಂಗಿ ಮಡಿಸುವಾಗ ಗಟ್ಟಿಯಾದದ್ದೊಂದು ನನ್ನ ಅಂಗೈಗೆ ತಾಕಿತು. ಕೈ ಒಳಗೆ ಹಾಕಲಿಲ್ಲ. ಹನ್ನೊಂದನೆಯ ದಿನ ದಮ್ಮಡಿಯವರು ಗಂಟು ಹೊತ್ತುಕೊಂಡು, ಪದ್ಧತಿಯಂತೆ ಹಿಂತಿರುಗಿ ನೋಡದೆ ಹೋದರು.

ಕೊಟ್ಟದ್ದನ್ನು ಕೇಳುವಂತಿಲ್ಲ. ಹಾಗೆಂದು ಮನೆಯಲ್ಲಿ ಹೇಳಿದರೆ, 'ಇಷ್ಟಕ್ಕಾಗಿ ಮುದುಕಿ ಹಲುಬುತ್ತಾಳೆ' ಎಂದಾರು ಎಂಬ ನಾಚಿಕೆ. ಎರಡು ವರ್ಷ ಸುಮ್ಮನಿದ್ದೆ. ಮಧ್ಯಾಹ್ನ ಎಲ್ಲರೂ ಹೊರಗೆ ಹೋದಾಗ ಪ್ಲಗ್ ಹಾಕಿ, ಆ ಕೆಂಪು ದೀಪ ನೋಡಿ, ತೆಗೆದುಬಿಡುತ್ತಿದ್ದೆ.

ಆಮೇಲೆ ನಿಮ್ಮ ಅವ್ವನಿಗೆ ಉಳಿದ ಮೂರು ರಿಮೋಟಿನ ಗೋಳು ಸಾಕಾಯಿತು. ಧ್ವನಿ ಹೆಚ್ಚಿಸಲು ಹೋದರೆ ಚಾನಲ್ಲು ಬದಲಾಗುವುದು, ಟಿವಿ ಆರಿಸಿದರೂ ಬಾಕ್ಸು ಗುಂಯ್ ಎನ್ನುವುದು. "ಎಲ್ಲಾಕೂ ಕೂಡಿ ಒಂದ ರಿಮೋಟು ಬರ್ತದಂತ್ರಿ ಅತ್ತಿ. ಬರ್ರಿ, ತರೂಣು. ಆ ಸಿಡಿ ಡಬ್ಬಿ ಹೊಸ ರಿಮೋಟಿಗೆ ಹತ್ತಿದ್ರ ಹತ್ತಿತು, ಇಲ್ಲಂದ್ರ ಗುಜರಿಗೆ ಹಾಕೂದು. ಸುಮ್ಮ ಧೂಳು ಕುಂದ್ರಾಕತ್ತದ."

ಮುತ್ಯಾನ ಸಿಡಿ ಡಬ್ಬಿಯ ಹೊಟ್ಟೆಯಲ್ಲಿತ್ತು. ರಿಪೇರಿಯವನನ್ನು ನಾನು ಒಮ್ಮೆ ಮೆಲ್ಲಗೆ ಕೇಳಿದ್ದೆ. ಬಿಚ್ಚುವಾಗ ಸಿಡಿಗೆ ಗೀರು ಬಿದ್ದರೆ ನನ್ನ ಹೊಣೆಯಲ್ಲ ಎಂದಿದ್ದ. ಅದೊಂದೇ ಸಿಡಿ. ಇನ್ನೊಂದಿಲ್ಲ.

ಇಬ್ಬರೂ ಪೇಟೆಗೆ ಹೋದೆವು. ಅಂಗಡಿಯವನು ಹಲ್ಲಿನಲ್ಲಿ ಅಡಿಕೆ ಕಡಿಯುತ್ತ ಮೂರು ಬಗೆಯ ರಿಮೋಟಿನ ಮಾತು ಹೇಳಿದ. ಮೊದಲನೆಯದು ಅಗ್ಗದ್ದು. ಅದರ ಜೊತೆಗಿನ ಪುಸ್ತಕದಲ್ಲಿ ಕಂಪನಿಗೊಂದು ಅಂಕಿ ಬರೆದಿರುತ್ತದೆ, ಆ ಅಂಕಿ ಒತ್ತಿದರೆ ಆ ಯಂತ್ರ ಮಾತು ಕೇಳುತ್ತದೆ. ಟಿವಿಯ ಅಂಕಿ ಸಿಕ್ಕಿತು, ಥಿಯೇಟರಿನದು, ಡಿಶ್ಶಿನದು ಸಿಕ್ಕಿತು. ಸಿಡಿ ಡಬ್ಬಿಯ ಹೆಸರು ಕೇಳಿ ಅವನು ನಕ್ಕ. "ಇದು ಯಾವ ಕಂಪನಿ ಅಲ್ರಿ ಅಕ್ಕಾರ. ಯಾರೋ ಜೋಡ್ಸಿ ಮಾರ್ಯಾರ. ಇದಕ್ಕ ಅಪ್ಪ ಅವ್ವ ಇಲ್ಲ."

ಎರಡನೆಯದು ಯಾದಗಿರಿಯಿಂದ ತರಿಸಬೇಕು. ಗುಂಡಿಗಳಿಲ್ಲ, ಗಾಜಿನ ಮೇಲೆ ಬೆರಳಿಡುವುದು. ಗಾಜಿನ ಮೇಲೆ ಹೆಸರನ್ನೂ ಬರೆಯಬಹುದಂತೆ. ಅವನು ನನ್ನ ಕಡೆ ತಿರುಗಿ ಕೇಳಿದ: "ಸಿಡಿ ಯಾರ್ದು ಹಾಡಿಂದ್ರಿ ಅವ್ವಾರ? ಅವರ ಹೆಸರ ಬರದು ಕೊಡ್ತೀನಿ. ಹೆಸರ ಮ್ಯಾಲ ಬೆರಳಿಟ್ರ ಹಾಡು."

ನಾನು ಸೆರಗು ಎಳೆದುಕೊಂಡೆ. ನಲವತ್ತು ವರ್ಷ ಬಾಯಲ್ಲಿ ಆಡದ ಹೆಸರು. ಅದರ ಮೇಲೆ ದಿನಾ ಬೆರಳಿಟ್ಟು ಒತ್ತುವುದೆ? ನಿಮ್ಮ ಅವ್ವನಿಗೆ ತಿಳಿಯಿತು. "ಅವರಿಗೆ ಹೆಸರ ಕೇಳಬ್ಯಾಡ್ರಿ, ನಿಮ್ಮ ಅಂಗಡಿ ಬಿಟ್ಟು ಓಡ್ತಾರ" ಎಂದಳು. ಮೂವರೂ ನಕ್ಕೆವು. ನನಗೂ ಸ್ವಲ್ಪ ಧೈರ್ಯ ಬಂತು.

ಮೂರನೆಯದು ಕರಿ ರಬ್ಬರು ಗುಂಡಿಯದು. ಕಣ್ಣು ಮುಚ್ಚಿ ಬೆರಳಾಡಿಸಿ ನೋಡಿದೆ. ಒಂದೊಂದು ಗುಂಡಿ ಒಂದೊಂದು ಆಕಾರ, ಪೊರೆ ಬಂದ ನನ್ನ ಕಣ್ಣಿಗೆ ಕೆಲಸವೇ ಇಲ್ಲ. "ಇದು ಕಲಿಯೋ ರಿಮೋಟು. ಹಳೇದನ್ನ ಇದರ ಮುಖಕ್ಕ ಮುಖ ಹಚ್ಚಿ ಒಂದೊಂದ ಬಟನ್ ಒತ್ತಿದ್ರ, ಹಳೇದು ಹೇಳಿದ್ದು ಇದು ಕಲೀತದ. ಎಲ್ಲಾ ಕಲ್ತಮ್ಯಾಲ ಒಂದ ಬಟನ್ನಿಗೆ ಮೂರೂ ಸಾಲಾಗಿ ಹತ್ತೂ ಹಂಗ ಕೂಡ್ಸಬಹುದು" ಎಂದ. ಮೇಲಿನ ಗೇಟು, ಮರಿಗಾಲುವೆ, ಮಡಿ ಎಂದು ನಾನು ಮನಸ್ಸಿನಲ್ಲೇ ಎಣಿಸಿದೆ. ಅಷ್ಟರಲ್ಲಿ ಅವನೇ ಕೇಳಿದ: "ಸಿಡಿ ಡಬ್ಬೀದು ಹಳೇ ರಿಮೋಟು ಅದನ್ರಿ? ಗುರುನ ಇಲ್ಲಂದ್ರ ಇದು ಯಾರ ಹತ್ರ ಕಲೀಬೇಕು?"

"ಇಲ್ರಿ, ಕಳದದ" ಎಂದಳು ನಿಮ್ಮ ಅವ್ವ. "ಅಗ್ಗದ್ದ ಕೊಡ್ರಿ. ಡಬ್ಬಿ ಗುಜರಿಗೆ ಹಾಕ್ತೀವಿ."

ಅವನು ಅಗ್ಗದ್ದನ್ನು ಚೀಲಕ್ಕೆ ಹಾಕತೊಡಗಿದ. ನಾನು ಕರಿ ರಿಮೋಟನ್ನು ಕೈಯಿಂದ ಬಿಡಲಿಲ್ಲ. ಅದನ್ನು ತಿರುಗಿಸಿ ನೋಡುತ್ತಿದ್ದಾಗ ಒಂದು ಮಾತು ಹೊಳೆಯಿತು. ಕಲಿಯಲು ಮುಖಕ್ಕೆ ಮುಖ ಹಿಡಿದರೆ ಸಾಕು. ಹಳೆಯದನ್ನು ತಿರುಗಿ ತರಬೇಕಾಗಿಲ್ಲ. ಕೊಟ್ಟದ್ದು ಇಸಗೊಂಡವರ ಮನೆಯಲ್ಲೇ ಇರಲಿ. ಇದನ್ನು ಅದರ ಬಳಿಗೆ ಒಯ್ದರಾಯಿತು.

"ಕಳದಿಲ್ಲ" ಎಂದೆ. ನನ್ನ ಧ್ವನಿ ನನಗೇ ದೊಡ್ಡದಾಗಿ ಕೇಳಿಸಿತು. "ದಮ್ಮಡಿಯವರ ಮನ್ಯಾಗ ಅದ. ಅಂಗಿ ಕಿಸೇದಾಗ ಹೋಗ್ಯಾದ. ನನಗ ಇದ ಬೇಕು."

ನಿಮ್ಮ ಅವ್ವ ನನ್ನನ್ನೇ ನೋಡಿದಳು. "ಎರಡು ವರ್ಷದಿಂದ ಗೊತ್ತಿತ್ತೇನ್ರಿ?" ನಾನು ಹೌದೆಂದು ತಲೆಯಾಡಿಸಿದೆ. "ಡಬ್ಬಿ ಒಳಗ ಏನದ ಅತ್ತಿ?" ಎಂದಳು. ಹೇಳಿದೆ. ಅವಳು ಅಗ್ಗದ್ದನ್ನು ತಿರುಗಿ ಕೊಟ್ಟು, ಕರಿದನ್ನು ಕೊಂಡು, ಮತ್ತೆ ನಾಲ್ಕು ಹೊಸ ಸೆಲ್ಲು ಕೇಳಿದಳು. "ಗುರುವಿಗೂ ಸೆಲ್ಲು ಬೇಕಾಗ್ತಾವ" ಎಂದಳು.

ರವಿವಾರ ಹುಣಸಗಿ ಬಸ್ಸು ಹಿಡಿದು ನಮ್ಮೂರಿಗೆ, ದಮ್ಮಡಿಯವರ ಮನೆಗೆ ಹೋದೆವು. ಕಾಲುವೆ ತುಂಬಿ ಹರಿಯುತ್ತಿತ್ತು, ದಂಡೆಯ ಮೇಲೆ ಹೆಂಗಸರು ಕೌದಿ ಒಗೆಯುತ್ತಿದ್ದರು. ದಾರಿಯುದ್ದಕ್ಕೂ ನನಗೆ ಒಂದೇ ಚಿಂತೆ: ಅವರು ಅದನ್ನು ಎಸೆದಿದ್ದರೆ? ಅವರ ಮೊಮ್ಮಕ್ಕಳು ಒಡೆದಿದ್ದರೆ?

ದಮ್ಮಡಿಯವರು ಕಟ್ಟೆಯ ಮೇಲೆ ಬಿಸಿಲು ಕಾಯಿಸಿಕೊಳ್ಳುತ್ತ ಕೂತಿದ್ದರು. ನಮ್ಮನ್ನು ಕಂಡು, "ಏನವ್ವ, ಸುರಪುರದ ನೀರು ಕುಡದು ದಾರಿ ಮರತಿ ಅಂದಕೊಂಡಿದ್ನಿ" ಎಂದರು. ನಿಮ್ಮ ಅವ್ವನೇ ಎಲ್ಲ ಹೇಳಿದಳು. ಅವರು ಕೇಳುತ್ತ ಕೇಳುತ್ತ ಗಂಭೀರವಾದರು. ಒಳಗೆ ಹೋಗಿ ದಮ್ಮಡಿಯ ಚೀಲ ತಂದರು. ಚೀಲದಲ್ಲಿ ಬಿಳಿ ಅಂಗಿ, ಇನ್ನೂ ನನ್ನ ಮಡಿಕೆಯಲ್ಲೇ. ಅಂಗಿಯೊಳಗೆ ರಿಮೋಟು.

"ಅವತ್ತ ಸಂಜೀಕ ನೋಡಿದ್ನಿ. ತಂದು ಕೊಡಬೇಕಂತ ನಾಕ ಸಲ ಬಸ್ ಸ್ಟ್ಯಾಂಡಿನ ತನಕ ಬಂದೀನಿ. ಇಸಗೊಂಡಾವ ತಿರುಗಿ ಕೊಡಬಾರದು, ಗೆಳ್ಯಾನ ದಾನ ಹಿಂದಕ್ಕ ತಳ್ಳಿದಂಗ ಆಗ್ತದ. ನೀ ಕೇಳಿದ್ರ ಕೊಡ್ತಿದ್ನಿ."

"ನಾ ಕೇಳಬಾರದಿತ್ರಿ" ಎಂದೆ.

"ಹೌದು ಬಿಡು. ಇಬ್ಬರೂ ಭಾಳ ಶಾಣ್ಯಾರು" ಎಂದರು.

ಹಳೆಯ ಸೆಲ್ಲು ಒಳಗೇ ಒಸರಿ ಹಸಿರು ಕಟ್ಟಿದ್ದವು. ನಿಮ್ಮ ಅವ್ವ ಪಿನ್ನಿನಿಂದ ಕೆರೆದು, ಒರೆಸಿ, ಹೊಸವನ್ನು ಹಾಕಿದಳು. ಕಟ್ಟೆಯ ಮೇಲೆ ಎರಡನ್ನೂ ಎದುರುಬದುರು ಇಟ್ಟು ಒತ್ತಿದರೆ ಹೊಸದರ ದೀಪ ಸುಮ್ಮನೆ ಉರಿಯಿತು, ಕಲಿತ ಗುರುತಿಗೆ ಎರಡು ಸಲ ಮಿನುಗಲಿಲ್ಲ. ಮೂರು ಸಲ ಹಾಗೆಯೇ ಆಯಿತು. ನಿಮ್ಮ ಅವ್ವ ಅಂಗಡಿಯವನಿಗೆ ಫೋನು ಹಚ್ಚಿದಳು. "ಬಿಸಲಾಗ ಇಟ್ಟೀರೇನ್ರಿ? ನೆಳ್ಳಿಗೆ ಒಯ್ರಿ, ಬಿಸಲಿಗೆ ಅದಕ್ಕ ಕಣ್ಣ ಕಾಣೂದಿಲ್ಲ" ಎಂದನಂತೆ.

ಒಳಗೆ, ಕಾಳಿನ ಚೀಲಗಳ ನಡುವೆ, ನೆಲದ ಮೇಲೆ ಇಟ್ಟೆವು. ಹಳೆಯದನ್ನು ದಮ್ಮಡಿಯವರು ಹಿಡಿದರು; ಅದು ಅವರದು. ಹೊಸದನ್ನು ನಾನು ಹಿಡಿದೆ. ಹಚ್ಚುವ ಗುಂಡಿ. ದೀಪ ಎರಡು ಸಲ ಮಿನುಗಿತು. ಹಾಡಿಸುವ ಗುಂಡಿ. ಮಿನುಗಿತು. ನಿಲ್ಲಿಸುವುದು, ಮುಂದಿನ ಹಾಡಿಗೆ ಹೋಗುವುದು. "ಚಂದ ಕಲಿಯಾಕತ್ತದ. ನಿನ್ನ ಗಂಡಗಿಂತ ಹುಷಾರದ, ಅಂವಗ ಒಂದು ಪದ ಕಲಸಬೇಕಂದ್ರ ಒಂದು ತಿಂಗಳು ಹಿಡೀತಿತ್ತು" ಎಂದರು ಅವರು. ಎಷ್ಟೋ ದಿನದ ಮೇಲೆ ಮುತ್ಯಾನನ್ನು ಯಾರೋ ಬೈದದ್ದು ಕೇಳಿ ನನಗೆ ಹಿತವಾಯಿತು.

ಕಡೆಗೆ ಒಂದು ಗುಂಡಿ ಉಳಿಯಿತು, ಸಿಡಿಯ ತಟ್ಟೆ ಹೊರಗೆ ಬರಿಸುವುದು. ನಿಮ್ಮ ಅವ್ವ, "ಇದೊಂದು ಕಲಸ್ರಿ, ಮುಗೀತು" ಎಂದಳು. ದಮ್ಮಡಿಯವರು ಬೆರಳಿಟ್ಟರು. ನಾನು ಹೊಸದನ್ನು ಹಿಂದಕ್ಕೆ ತೆಗೆದುಕೊಂಡೆ.

"ಅದು ಬ್ಯಾಡ್ರಿ" ಎಂದೆ.

ದಮ್ಮಡಿಯವರು ಬೆರಳು ತೆಗೆದರು. ಹಳೆಯದನ್ನು ಅಂಗಿಯಲ್ಲಿ ಸುತ್ತಿ ಚೀಲಕ್ಕೆ ಹಾಕಿದರು.

ಮನೆಗೆ ಬಂದು ನಿಮ್ಮ ಅವ್ವ ಟಿವಿ, ಥಿಯೇಟರಿನ ರಿಮೋಟುಗಳಿಂದಲೂ ಅದಕ್ಕೆ ಕಲಿಸಿ, ಮೂರನ್ನೂ ಸಾಲಾಗಿ ಒಂದೇ ಗುಂಡಿಗೆ ಕೂಡಿಸಿದಳು. "ನೀವ ಒತ್ತರಿ" ಎಂದು ನನ್ನ ಕೈಗೆ ಕೊಟ್ಟಳು. ಟಿವಿ ಹತ್ತಿತು. ಬಾಕ್ಸು ಗುಂಯ್ ಎಂದಿತು. ಡಬ್ಬಿಯ ಕೆಂಪು ದೀಪ ಹಸಿರಾಯಿತು, ಒಳಗೆ ಸಿಡಿ ತಿರುಗಿದ ಸದ್ದು. ಮೊದಲು ಬಂದದ್ದು ಹಾಡಲ್ಲ, ಕೆಮ್ಮು. ಆಮೇಲೆ ಮುತ್ಯಾನ ಧ್ವನಿ: "ತಡಿಯೋ, ಗಂಟಲ ಸೆರಿ ಬಿಡಿಸ್ಕೋತೀನಿ." ಬಲಗಡೆಯ ಬಾಕ್ಸಿನಲ್ಲಿ ದಮ್ಮಡಿ ಸುಮ್ಮನೆ ಒಂದೆರಡು ಪೆಟ್ಟು ಹಾಕಿತು.

ನಿಮ್ಮ ಅವ್ವ ಮೆಲ್ಲಗೆ ಏಳುತ್ತಿದ್ದಳು, ನನ್ನನ್ನು ಒಬ್ಬಳನ್ನೇ ಬಿಡಲೆಂದು. ಎರಡು ವರ್ಷ ನಾನು ಬಯಸಿದ್ದೂ ಅದನ್ನೇ. ಆದರೂ ಅವಳ ಸೆರಗು ಹಿಡಿದು ಕೂಡಿಸಿಕೊಂಡೆ. ಉಸಿರು ಸಾಲದ ಆ ಜಾಗ ಬರುತ್ತದೆ, ಅವಳಿಗಾದರೂ ಕೇಳಿಸೀತು ಎಂದು. ಅವಳಿಗೂ ಕೇಳಿಸಲಿಲ್ಲ.

ಈಗ ಆ ರಿಮೋಟು ನಿಮಗೂ ಬೇಕಾಗುತ್ತದೆಂದು ಇದನ್ನು ಬರೆದಿದ್ದೇನೆ. ಎಡಗಡೆಯ ಮೇಲಿನ ಗುಂಡಿ ಒತ್ತಿ, ಮೂರೂ ಹತ್ತುವ ತನಕ ತಡೆಯಿರಿ, ನಡುವೆ ಇನ್ನೊಂದನ್ನು ಒತ್ತಬೇಡಿ. ವರ್ಷಕ್ಕೊಮ್ಮೆ ಸೆಲ್ಲು ಬದಲಿಸಿ. ತಟ್ಟೆ ತೆರೆಯುವ ಗುಂಡಿ ಮಾತ್ರ ಅದಕ್ಕೆ ಗೊತ್ತಿಲ್ಲ. ಅದನ್ನು ಹುಡುಕಬೇಡಿ. ಮುತ್ಯಾ ತಮ್ಮ ಕೈಯಿಂದ ಇಟ್ಟ ಸಿಡಿ, ಇಟ್ಟಲ್ಲೇ ಇದೆ.