ಬಿಳಿ ಬಳೆಯ ಕೈ

ಯಾವ ಮಂಟಪಕ್ಕೆ ಹೋದರೂ ಕುರ್ಚಿ ಹುಡುಕುವ ಮೊದಲು ಎರಡನೇ ಬಾಗಿಲು ಹುಡುಕಿ. ಹಳೇ ಗೋಣಿಚೀಲ ಕೊಂಡು ಮಾರುತ್ತಲೇ ಸಿಂಧನೂರಿನಲ್ಲಿ ಸ್ವಂತ ಗೋದಾಮು ಕಟ್ಟಿದವನು ನಾನು. ಆದರೆ ಈ ಬುದ್ಧಿ ಕಲಿತದ್ದು ವ್ಯಾಪಾರದಿಂದಲ್ಲ, ಹೆಂಡತಿಯಿಂದ.

ಹೋದ ವರ್ಷ ಮಸ್ಕಿಯ ಹೊರಗಿನ ಬಯಲಿನಲ್ಲಿ ಒಂದು ಸಂಗೀತೋತ್ಸವ ನಡೆಯಿತು. ಹೆಣ್ಣುಮಕ್ಕಳಿಗೆ ಪುಂಡರ ಕಾಟ ಬೇಡವೆಂದು ಅವರು ಕೂಡುವ ಜಾಗಕ್ಕೆ ಸುತ್ತಲೂ ತಗಡು ಹೊಡೆದು, ಒಂದೇ ಬಾಗಿಲು ಇಟ್ಟಿದ್ದರು. ನಾವು ಗಂಡಸರೆಲ್ಲ ಭೇಷ್ ಎಂದೆವು. ವೇದಿಕೆಯ ವೈರು ಹೊತ್ತಿ ಕಿಡಿ ಹಾರಿದಾಗ ಒಳಗಿದ್ದವರೆಲ್ಲ ಆ ಒಂದು ಬಾಗಿಲಿಗೇ ನುಗ್ಗಿದರು. ನಾನು ಹೊರಗೆ ನಿಂತು ತಗಡು ಬಡಿಯುತ್ತಿದ್ದೆ. ಒಳಗೆ ನನ್ನ ಹೆಂಡತಿ ಬಿದ್ದಿದ್ದಳು. ಎಷ್ಟೋ ಮಂದಿಯನ್ನು ಬೇರೆ ಬೇರೆ ಊರಿನ ಆಸ್ಪತ್ರೆಗೆ ಸಾಗಿಸಿದರು, ಎಲ್ಲರೂ ಮರಳಲಿಲ್ಲ.

ಹೆಂಡತಿಯ ಮುರಿದ ಪಕ್ಕೆಲುಬು ಕೂಡಿಕೊಂಡವು. ಆದರೆ ಅಂದಿನಿಂದ ಬಚ್ಚಲ ಬಾಗಿಲನ್ನೂ ಹಾಕಿಕೊಳ್ಳುವುದಿಲ್ಲ. ತವರೂರು ಲಿಂಗಸುಗೂರಿಗೆ ಹೋಗುವಾಗ ಬಸ್ಸಿನಲ್ಲಿ ಬಾಗಿಲ ಪಕ್ಕದ ಸೀಟು ಸಿಗದಿದ್ದರೆ ಮುಂದಿನ ಬಸ್ಸಿಗೆ ಕಾಯುತ್ತಾಳೆ. ಆಕೆಗೆ ನೆನಪಿರುವುದು ಇಷ್ಟೇ: ಬಿಳಿ ಬಳೆ ತೊಟ್ಟ ಒಂದು ಕೈ ತನ್ನನ್ನು ಎತ್ತಿದ್ದು.

ಕೆಲವು ಹುಡುಗರು ಅಂದಿನ ಮೊಬೈಲ್ ತುಣುಕುಗಳನ್ನು ಕೂಡಿಸಿ ಸಾಕ್ಷ್ಯಚಿತ್ರ ಮಾಡಿ, ಒಂದು ಭಾನುವಾರ ಮಧ್ಯಾಹ್ನ ನಮ್ಮೂರಿನ ಕಲ್ಯಾಣಮಂಟಪದಲ್ಲಿ ತೋರಿಸಿದರು. ನಾನು ಬ್ಯಾಡ ಅಂದೆ.

"ಆ ಕೈ ಯಾರದು ನೋಡಬೇಕ್ರೀ. ಆಕಿ ಮಾರೀನೂ ನೋಡಿಲ್ಲ ನಾ," ಎಂದಳು.

ಹೋಗಿ ನೋಡಿದರೆ ಹಿಂದಿನ ಬಾಗಿಲಿಗೆ ಬೀಗ! ಹೆಂಡತಿ ಹೊರಗೇ ನಿಂತಳು. ನಾನು ಮ್ಯಾನೇಜರನನ್ನು ಹಿಡಿದೆ.

"ಎರಡೂ ಬಾಗ್ಲ ಪೂರಾ ತೆಗಿಯೋ ತಮ್ಮಾ."

"ಬೆಳಕ ಬಿದ್ರ ಪಿಚ್ಚರ್ ಹೆಂಗ ಕಾಣತೈತ್ರೀ ಸಾವ್ಕಾರ್ರ? ಗೋಣಿಚೀಲ ಒಣಗಸಾಕ ಬಂದೀರೇನು?"

ಎರಡು ಕೇಳಿದರೇನೇ ಒಂದು ಸಿಗುವುದು, ನೆನಪಿಡಿ. "ಹಂಗಾದ್ರ ಹಿಂದಿಂದು ಒಂದ ತೆಗಿ," ಎಂದೆ. ಗೊಣಗುತ್ತ ತೆಗೆದ. ಅದರ ಪಕ್ಕದಲ್ಲೇ ಕೂತೆವು.

ಬಿಸಿಲು ಪರದೆಗೆ ಬಡಿದು ಚಿತ್ರ ಸುಣ್ಣದ ನೀರಿನಂತಾಯಿತು. ಸದ್ದು ಮಾತ್ರ ಸ್ಪಷ್ಟ. ಹೆಂಗಸರ ಚೀರಾಟ, ತಗಡಿನ ಮೇಲೆ ಮುಷ್ಟಿಗಳ ಬಡಿತ. ಅದರಲ್ಲಿ ನನ್ನದೂ ಒಂದು. ಹೆಂಡತಿಯ ಉಗುರು ನನ್ನ ಮುಂಗೈಗೆ ನಾಟಿತು.

"ಬಾಗ್ಲ ಹಾಕ್ರಲೇ, ಏನೂ ಕಾಣವಲ್ದು!" ಮುಂದಿನಿಂದ ಯಾರೋ ಕೂಗಿದರು.

ಜಗಳಕ್ಕೆ ಎದ್ದೆ. ನನಗಿಂತ ಮೊದಲು ಆಕೆ ಎದ್ದಳು. ಹೊರಗೆ ಹೊರಟಳೆಂದುಕೊಂಡೆ. ಆಕೆ ತಾನೇ ಬಾಗಿಲು ಎಳೆದುಕೊಂಡು, ಪೂರ್ತಿ ಮುಚ್ಚದಂತೆ ಸಂದಿನಲ್ಲಿ ಪಾದ ಇಟ್ಟು ನಿಂತಳು.

ಕತ್ತಲಾಯಿತು. ಕಂಡಿತು. ನೆಲದ ಮೇಲೆ ಆಕೆಯ ಹಸಿರು ಸೀರೆ. ಬಿಳಿ ಬಳೆ, ಕೆಂಪು ಬಳೆ ತೊಟ್ಟ ಕೈ. ನಮ್ಮೂರ ಪಕ್ಕದ ಆರ್.ಎಚ್. ಕ್ಯಾಂಪಿನಲ್ಲಿ ನಿರಾಶ್ರಿತರಾಗಿ ಬಂದು ನೆಲೆಸಿದ ಬಂಗಾಳಿ ಮುತ್ತೈದೆಯರು ತೊಡುತ್ತಾರಲ್ಲ, ಅಂಥವು. ಆ ಕೈ ನನ್ನ ಹೆಂಡತಿಯನ್ನು ಎತ್ತಿ ಬಾಗಿಲ ಕಡೆ ನೂಕಿತು. ಹಿಂದಿನಿಂದ ಜನ ಕುಸಿದುಬಿದ್ದರು. ಕೈ ಮುಳುಗಿತು. ಮತ್ತೆ ಮೇಲೆ ಬರಲಿಲ್ಲ. ಮುಂದಿನ ದೃಶ್ಯದಲ್ಲಿ ಯಾರೋ ಕುರ್ಚಿಯಲ್ಲಿ ಕೂತು ಮಾತಾಡುತ್ತಿದ್ದರು.

"ಆಕಿ ಹೊರಗ ಬಂದಾಳೇನ್ರೀ?" ಬಾಗಿಲ ಬಳಿಯಿಂದಲೇ ಹೆಂಡತಿ ಕೇಳಿದಳು.

ಚಿತ್ರ ಮಾಡಿದ ಹುಡುಗನನ್ನು ಕೇಳಿದೆ. "ಆ ತುಣುಕು ಅಷ್ಟ ಐತ್ರೀ," ಎಂದ.

ಹೊರಗೆ ಬಂದವಳೇ ಆಟೋ ಹತ್ತಿ, "ಆರ್.ಎಚ್. ಕ್ಯಾಂಪ್," ಎಂದಳು. ರೇಟು ಮಾತಾಡದೆ ಆಟೋ ಹತ್ತಬೇಡಿ ಎಂದು ಊರಿಗೆಲ್ಲ ಹೇಳುವವನು ಸುಮ್ಮನೆ ಹತ್ತಿದೆ. ದಾರಿಯುದ್ದಕ್ಕೂ ಎದುರಾದ ಹೆಂಗಸರ ಮುಖವನ್ನು ಆಕೆ ನೋಡಲಿಲ್ಲ. ಕೈಗಳನ್ನೇ ನೋಡುತ್ತಿದ್ದಳು.