ಅಪ್ಪ ಹೆಸರು ಹಿಡಿದು ಬೇಡಿದ ಸಂಜೆ

ಯಂತ್ರದ ಎಣ್ಣೆಯ ವಾಸನೆ ಎಲ್ಲಾದರೂ ಬಂದರೆ ನನಗೆ ಮೊದಲು ನೆನಪಾಗುವುದು ಪ್ರಾರ್ಥನೆ. ನಗಬೇಡಿ. ಅಪ್ಪ ಹುಬ್ಬಳ್ಳಿಯ ರೈಲ್ವೆ ಕಾರಖಾನೆಯಲ್ಲಿ ಫಿಟ್ಟರ್ ಆಗಿದ್ದರು. ಸಂಜೆ ಪಾಳಿ ಮುಗಿದ ಭೋಂಗಾ ಊದಿದ ಮೇಲೆ ಮನೆಗೆ ಬಂದು, ಎಷ್ಟು ಸಾಬೂನು ತಿಕ್ಕಿದರೂ ಆ ವಾಸನೆ ಬಿಡದ ಕೈಗಳನ್ನು ಜೋಡಿಸಿ ಚಾಪೆಯ ಮೇಲೆ ಕೂರುತ್ತಿದ್ದರು. ಪಕ್ಕದಲ್ಲಿ ನಾವು ಮೂವರು ಮಕ್ಕಳು ಮತ್ತು ಅವ್ವ, ಎದುರಿಗೆ ಅಪ್ಪನ ತಾಯಿ, ನಮ್ಮ ಆಯಿ. ಆಯಿಯ ಪ್ರಾರ್ಥನೆಯೆಂದರೆ ಗೋಡೆಯಾಚೆಯ ನೆರೆಯವರನ್ನು ಕರೆದು ಮಾತಾಡಿಸಿದ ಹಾಗೆ. ಹೆಬ್ಬಳ್ಳಿಯಲ್ಲಿದ್ದ ತನ್ನ ತಮ್ಮನ ಹತ್ತಿಹೊಲಕ್ಕೆ ಮಳೆ, ನನ್ನ ತಂಗಿಯ ಕೆಮ್ಮು, ಮೊಟ್ಟೆ ಇಡದ ಕೋಳಿ, ಎಲ್ಲವನ್ನೂ ಏಸುಸ್ವಾಮಿಗೆ ಬಿಡಿಸಿ ಬಿಡಿಸಿ ಹೇಳುವವಳು. ರೊಟ್ಟಿ ಆರಿಹೋಗುತ್ತಿತ್ತು, ನಮ್ಮ ಹೊಟ್ಟೆ ಚುರುಗುಟ್ಟುತ್ತಿತ್ತು, ಅವಳದು ಮುಗಿಯುತ್ತಿರಲಿಲ್ಲ. ಅಪ್ಪನದೋ ನಾಲ್ಕೇ ಮಾತು. ನನ್ನ ಪುಟ್ಟ ತಮ್ಮ ತೀರಿಕೊಂಡ ಮೇಲೆ ಅವರು ದೇವರಲ್ಲಿ ಏನನ್ನೂ ಸ್ಪಷ್ಟವಾಗಿ ಕೇಳುವುದನ್ನೇ ಬಿಟ್ಟಿದ್ದರು.

ಒಂದು ವರ್ಷ ಅವ್ವನಿಗೆ ಟೈಫಾಯ್ಡ್ ಬಂತು. ಮೂರನೆಯ ವಾರ ಡಾಕ್ಟರು, "ಇನ್ನ ನಮ್ಮ ಕೈಯಾಗ ಏನೂ ಇಲ್ರಿ" ಎಂದು ಹೇಳಿ ಹೋದರು. ಆ ಸಂಜೆಯೂ ಅಪ್ಪ ಎಂದಿನಂತೆ, "ಲೋಕದ ಎಲ್ಲ ರೋಗಿಗಳನ್ನು ನಿನ್ನ ಚಿತ್ತದಂತೆ ನಡೆಸು" ಎಂದು ಮುಗಿಸಹೊರಟಾಗ ಆಯಿ ಕಣ್ಣು ತೆರೆದಳು.

"ಏನೋ ಅದು, ಲೋಕದ ರೋಗಿಗಳು? ಖೋಲ್ಯಾಗ ಮಲಗಿದಾಕಿಗೆ ಹೆಸರಿಲ್ಲೇನು?"

"ಸಣ್ಣಾವ ಮಲಗಿದಾಗ ಕೇಳಿದ್ನಲ್ಲ ಅವ್ವಾ. ಕೊಡಲಿಲ್ಲ. ಈಗೂ ಇಲ್ಲ ಅಂದಬಿಟ್ರ, ಆಮ್ಯಾಲ ನಾ ಯಾರ ಕಡೆ ಹೋಗ್ಲಿ?" ಅಪ್ಪ ಜೋಡಿಸಿದ್ದ ಕೈ ಬಿಡಿಸಿ ಖೋಲಿಯ ಕಡೆ ನೋಡಿದರು. ನಾನು ಹೆದರಿ ತಂಗಿಯ ಕೈ ಹಿಡಿದುಕೊಂಡೆ.

"ದೇವರ ಮಾನ ನೀ ಕಾಯಬ್ಯಾಡ, ಅವ ಕಾಯ್ಕೋತಾನ. ನೀ ಕೇಳು. ಸಿಟ್ಟಿದ್ರ ಸಿಟ್ಟಿನಿಂದನ ಕೇಳು."

ಆ ಕಾಲದಲ್ಲಿ ಗಂಡಸರು ಹೆಂಡತಿಯ ಹೆಸರು ಹೇಳುತ್ತಿರಲಿಲ್ಲ. ಹೆತ್ತ ತಾಯಿಯ ಎದುರಿಗಂತೂ ಇಲ್ಲವೇ ಇಲ್ಲ. ಅಪ್ಪನ ಬಾಯಲ್ಲಿ ಅವ್ವ ಯಾವಾಗಲೂ "ಇಕಿ". ಅಂದು ಅಪ್ಪ ಬೀದಿಗೂ ಕೇಳುವಂತೆ ಕೂಗಿದರು: "ಸ್ವಾಮಿ, ನನ್ನ ಎಸ್ತರವ್ವನ್ನ ನನಗ ಕೊಡು. ಎಸ್ತರವ್ವ ಬೇಕು ನನಗ!" ಆಮೆನ್ ಹೇಳಿದವಳು ಆಯಿ. ಅಪ್ಪ ಅಳುತ್ತಿದ್ದರು.

ಮರುದಿನವೇ ಏನೂ ಆಗಲಿಲ್ಲ. ಆದರೆ ಅಪ್ಪ ದಿನಾ ಸಂಜೆ ಅದೇ ಹೆಸರು ಹಿಡಿದು, ಅಷ್ಟೇ ಜೋರಾಗಿ ಬೇಡಿದರು. ವಾರ ಕಳೆದ ಮೇಲೆ ಜ್ವರ ಇಳಿಯಿತು. ತಿಂಗಳ ಹೊತ್ತಿಗೆ ಅವ್ವ ಗೋಡೆ ಹಿಡಿದು ಬಂದು ಚಾಪೆಯ ಮೇಲೆ ಕುಳಿತಳು. ಆಮೇಲಿನ ಸಂಜೆಗಳಲ್ಲಿ ಅಪ್ಪನ ಪ್ರಾರ್ಥನೆಯೂ ಉದ್ದವಾಯಿತು. ಆರಿದ ರೊಟ್ಟಿ ತಿಂದು ನಾವು ಸುಖವಾಗಿ ಬೆಳೆದೆವು.

ಆ ಮನೆ ಈಗಿಲ್ಲ. ಆಯಿ ಹೋದಳು, ಎಷ್ಟೋ ವರ್ಷಗಳ ನಂತರ ಅಪ್ಪನೂ ಹೋದರು. ಅವರನ್ನು ಮಣ್ಣು ಮಾಡಿ ಬಂದ ಸಂಜೆ ನಾನು ಅವ್ವನ ಪಕ್ಕ ಕುಳಿತಿದ್ದೆ. ಟೈಫಾಯ್ಡಿನ ಆ ಸಂಜೆ ಖೋಲಿಯೊಳಗೆ ತನಗೆ ಎಲ್ಲವೂ ಕೇಳಿಸಿತ್ತೆಂದು ಅವಳು ಮೊದಲ ಬಾರಿಗೆ ಹೇಳಿದಳು. ಸೆರಗಿನಿಂದ ಕಣ್ಣೊರೆಸಿಕೊಂಡು ಸಣ್ಣಗೆ ನಕ್ಕಳು.

"ಭಾಳ ಗಟ್ಟಿ ಬೇಡಿಬಿಟ್ರು ನಿಮ್ಮಪ್ಪ. ನೋಡು, ಅವರು ಹೋದ್ರೂ ನಾ ಇನ್ನೂ ಅದೀನಿ."