ಬಾಯಿಂದ ಪೈಪು ಜಗ್ಗುತ್ತಿದ್ದ ಶಿವಪುತ್ರಪ್ಪ ಮಿಸ್ತ್ರಿ

ಎ.ಸಿ.ಯ ನೀರು ಹೋಗುವ ಪೈಪು ಕಟ್ಟಿಕೊಂಡರೆ ಶಿವಪುತ್ರಪ್ಪ ಮಿಸ್ತ್ರಿ ಅದನ್ನು ಬಾಯಿಗಿಟ್ಟು ಜಗ್ಗುತ್ತಿದ್ದರು. ಎರಡೂ ಕೆನ್ನೆ ಒಳಗೆ ಹೋಗುವಂತೆ ಒಮ್ಮೆ ಎಳೆದರೆ ಕರಿ ಲೋಳೆ ಬಾಯಿಗೇ ಬರುತ್ತಿತ್ತು. ಅದನ್ನು ಉಗುಳಿ, ಮೀಸೆ ಒರೆಸಿಕೊಂಡು, "ಈ ಮನ್ಯಾಗ ಊದಿನಕಡ್ಡಿ ಭಾಳ ಹಚ್ತೀರಿ" ಎನ್ನುವರು. ಮನೆಯವರು ಬೆರಗಾಗಿ "ಹೌದ್ರಿ" ಎನ್ನುವರು. ಇಂಡಿ ಊರಿನ ನಿಂಬೆ ವ್ಯಾಪಾರಿಗಳು ಈ ಆಟ ನೋಡಲು ಕೆಲಸ ಬಿಟ್ಟು ನಿಲ್ಲುತ್ತಿದ್ದರು. ಸಿಂದಗಿಯ ಡಾಕ್ಟರೊಬ್ಬರೂ ನಿಂತು ನಕ್ಕರು. ಡಾಕ್ಟರಾಗಿದ್ದೂ ನಕ್ಕರಲ್ಲಾ, ಅದು ನೆನಪಾದರೆ ಇವತ್ತಿಗೂ ನನ್ನ ಮೈ ಉರಿಯುತ್ತದೆ.

ಏಳನೇ ಇಯತ್ತೆಗೆ ಸಾಲಿ ಬಿಟ್ಟ ನನಗೆ ಎ.ಸಿ. ರಿಪೇರಿಯ ಈ ಕಸುಬು ಕೈಗೆ ಬಂದದ್ದು ಬಸವನ ಬಾಗೇವಾಡಿಯ ಅವರ ಅಂಗಡಿಯಲ್ಲಿ. ಅವರಿಗೆ ಓದಲು ಬರುತ್ತಿರಲಿಲ್ಲ. ಎತ್ತಿನ ಮೈ ಸವರಿದಂತೆ ತಾಮ್ರದ ಕೊಳವೆ ಸವರಿ, ಗ್ಯಾಸು ಎಷ್ಟು ಕಡಿಮೆಯಿದೆ ಎಂದು ಹೇಳುತ್ತಿದ್ದರು. ಇಂಥ ಮನುಷ್ಯನಿಗೆ ಕೆಮ್ಮು ಹಿಡಿಯಿತು. ವಿಜಯಪುರದ ಡಾಕ್ಟರು ಎದೆಯ ಫೋಟೋ ತೋರಿಸಿ, "ಹೊಲಸ ನೀರು ಎದಿಗಿಳದೈತಿ. ಇನ್ನ ಜಗ್ಗಿದ್ರ ನೀವು ಉಳಿಯಂಗಿಲ್ಲ" ಎಂದರು.

ಅಲ್ಲಿಂದ ನೇರ ಅವರನ್ನು ಬೈಕಿನಲ್ಲಿ ಕೂಡಿಸಿಕೊಂಡು ವ್ಯಾಕ್ಯೂಮ್ ಮಷೀನು ತರಲು ಹೋದೆ. ಧೂಳನ್ನೂ ನೀರನ್ನೂ ಎಳೆಯುವಂಥದ್ದು ಬೇಕಿತ್ತು. ಅಂಗಡಿಯವನು ದೊಡ್ಡ ಸ್ಟೀಲ್ ಡ್ರಮ್ಮಿನದನ್ನು ಮುಂದಿಟ್ಟು ಮೋಟರಿನ ವ್ಯಾಟ್ ಲೆಕ್ಕ ಹೇಳತೊಡಗಿದ. ಮಿಸ್ತ್ರಿ ಅದನ್ನು ಒಂದು ಕೈಯಲ್ಲಿ ಎತ್ತಿ ನೋಡಿದರು.

"ಇದನ್ನ ಹೊತ್ಕೊಂಡು ನಿಚ್ಚಣಿಕಿ ಹತ್ತವ್ರು ಯಾರ್ರಿ, ನೀವು ಬರ್ತೀರೇನು?"

"ಎಲ್ಲಾರೂ ಇದನ್ನ ಒಯ್ತಾರ, ಅಜ್ಜಾರ."

"ಒಯ್ಲಿ. ನೀರು ತುಂಬಿದ್ರ ಮೋಟರಿಗೆ ಹೋಗದಂಗ ತಡಿಯು ಚಂಡು ಐತೇನು ಒಳಗ? ಒಂದು ಬಕೀಟ ನೀರು ತರಿಸ್ರಿ, ಜಗ್ಗಿ ತೋರಿಸ್ರಿ."

"ಹೊಸಾ ಮಾಲು ತೋಯಿಸಿ ತೋರಸಾಕ ಬರೂದಿಲ್ರಿ. ಡಬ್ಬಿ ಮ್ಯಾಲೆ ಬರದಾರ, ಓದ್ಕೊಳ್ರಿ."

ಓದಲು ಬಾರದವರಿಗೆ ಓದಿಕೊಳ್ಳಿ ಎಂದ. "ಡಬ್ಬಿ ಮ್ಯಾಲೆ ಬರದವ್ರು ನಿಚ್ಚಣಿಕಿ ಹತ್ತಾವ್ರಲ್ಲ" ಎಂದು ನಾನು ರೇಗಿದೆ, ಡ್ರಮ್ಮು ಒದೆಯುವುದೊಂದು ಬಾಕಿ.

ಮೂರನೆಯ ಅಂಗಡಿಯಲ್ಲಿ ನೀರು ಜಗ್ಗಿ ತೋರಿಸಿದರು. ಮಿಸ್ತ್ರಿ ಆರಿಸಿದ್ದು ಹಗುರ ಪ್ಲಾಸ್ಟಿಕ್ ಡ್ರಮ್ಮಿನದು. ಉದ್ದ ಕೊಳವೆ, ತಳಕ್ಕೆ ನೀರು ಬಿಡುವ ಬಿರಡೆ. ಕೊಳವೆಯ ಬಾಯಿ ಎ.ಸಿ. ಪೈಪಿಗೆ ಬಿಗಿಯಾಗಿ ಕೂರಲೆಂದು ಸೈಕಲ್ ಟ್ಯೂಬಿನ ತುಂಡು ಕತ್ತರಿಸಿ ತೊಡಿಸಿದರು. "ಮೊದಲ ಒಣಾ ಧೂಳು ಜಗ್ಗು. ಆಮ್ಯಾಗ ಡ್ರಮ್ಮು ಝಾಡಿಸಿ, ಕಾಗದದ ಫಿಲ್ಟರ್ ತಗದು, ನೀರಿಗೆ ಹಚ್ಚು. ಇಲ್ಲಂದ್ರ ಬ್ಯಾಳಿ ಗಿರಣಿ ಧೂಳು ಕಣಕ ಆಗಿ ಕುಂದರ್ತೈತಿ" ಎಂದರು. ಎರಡು ತಿಂಗಳು ಮುದ್ದೇಬಿಹಾಳ, ಸಿಂದಗಿ ಸುತ್ತಿದೆವು. ಅವರು ಪೈಪಿಗೆ ಬಾಯಿ ಹಚ್ಚಲಿಲ್ಲ, ಕೆಮ್ಮು ಇಳಿಯಿತು. ಆದರೆ ನೋಡಲು ಯಾರೂ ನಿಲ್ಲುತ್ತಿರಲಿಲ್ಲ.

ತಾಳಿಕೋಟೆಯ ಬೇಳೆ ಗಿರಣಿಯಲ್ಲಿ ಒಂದು ಮಧ್ಯಾಹ್ನ ಕೆಲಸದ ನಡುವೆ ಕರೆಂಟು ಹೋಯಿತು. ಮಷೀನು ನಿಂತಿತು. ಕರೆಂಟು ಬರುವ ತನಕ ಕೂತಿರಿ ಎಂದು ಮಿಸ್ತ್ರಿಗೆ ಹೇಳಿ, ಎ.ಸಿ.ಯ ಹೊರಗಿನ ಪೆಟ್ಟಿಗೆ ಬಿಚ್ಚಲು ನಾನು ಮಾಳಿಗೆ ಹತ್ತಿದೆ. ಕೆಳಗೆ ಮ್ಯಾನೇಜರನ ದನಿ ಕೇಳಿತು.

"ಮಾಲಕರು ಬರೂ ಹೊತ್ತಾತು. ನೀ ಬಾಯಿಲೇ ಜಗ್ಗಾಂವ ಅಲ್ಲೇನು ಶಿವಪುತ್ರಪ್ಪ ಮಿಸ್ತ್ರಿ? ನಿನ್ನ ಮುಂದ ಈ ಮಷೀನಂದೇನು ನಡೀತೈತಿ?"

ನಾನು ಇಳಿದು ಬರುವಷ್ಟರಲ್ಲಿ ಅವರು ಜಗ್ಗಿ ಆಗಿತ್ತು. ತೊಗರಿ ಧೂಳಿನ ಗಂಟೊಂದು ಗಂಟಲಿಗೆ ಹೋಗಿ, ಕೆಮ್ಮುತ್ತ ಗೋಡೆ ಹಿಡಿದು ಕೂತಿದ್ದರು. ಮ್ಯಾನೇಜರ ಶಭಾಶ್ ಎನ್ನುತ್ತಿದ್ದ. ಗಿರಣಿಯ ವರ್ಷದ ಕೆಲಸ ಕೈಬಿಟ್ಟೀತೆಂದು ನಾನು ಹಲ್ಲು ಕಚ್ಚಿ ಸುಮ್ಮನಾದೆ.

ಹತ್ತು ದಿನದ ಮೇಲೆ ಅವರ ಮನೆಗೆ ಹೋದೆ. ಹಾಸಿಗೆ ಹಿಡಿದಿದ್ದರು, ಉಸಿರು ಸಿಳ್ಳಿನಂತೆ ಕೇಳುತ್ತಿತ್ತು.

"ಯಾಕ ಜಗ್ಗಿದ್ರಿ?" ಎಂದೆ.

"ಮಷೀನು ಬಂದ ಮ್ಯಾಲೆ ನನ್ನ ಹೆಸರ ಹಿಡದು ಯಾರೂ ಕರದಿದ್ದಿಲ್ಲೋ ಸಂಗಪ್ಪ. ಅವ ಕರದ."

"ಅವ ನಿಮ್ಮನ್ನ ಕರೀಲಿಲ್ಲ. ನಿಮ್ಮ ಬಾಯನ್ನ ಕರದ. ನಿಮಗ ಅಷ್ಟೂ ತಿಳೀಲಿಲ್ಲೇನು?"

ಅವರು ಗೋಡೆಯ ಕಡೆ ಹೊರಳಿದರು. ಬರ್ತೇನಿ ಎಂದೂ ಹೇಳದೆ ಎದ್ದು ಬಂದೆ. ಮೂರನೆಯ ದಿನ ಸುದ್ದಿ ಬಂತು.

ಮಣ್ಣು ಮಾಡುವಲ್ಲಿಗೆ ಆ ಮ್ಯಾನೇಜರನೂ ಬಂದಿದ್ದ, ದೊಡ್ಡ ಹೂವಿನ ಮಾಲೆ ತಂದಿದ್ದ. ಕಸಿದು ಗಟಾರಿಗೆ ಎಸೆದೆ, ಅವನ ಅಂಗಿಗೆ ಕೈ ಹಾಕಿದೆ. ನಾಲ್ಕು ಜನ ನನ್ನನ್ನು ಹಿಡಿದುಕೊಂಡು, "ಸತ್ತಾವ್ರ ಮುಂದ ಹಿಂಗ ಮಾಡಬಾರದೋ" ಎಂದರು.

ಅವರು ಹೇಳಿದ್ದು ಖರೆ. ಗಿರಣಿಯಲ್ಲಿ, ಮಿಸ್ತ್ರಿ ನೋಡುತ್ತಿರುವಾಗ ಮಾಡಬೇಕಿತ್ತು.